ಎಡಮಾಮೆ ಪ್ಯಾಕೆಟ್ಟು, ಹೊಲದ ಸೋಯಾ, ಶೇಂಗಾ, ತೊಗರಿಕಾಯಿ: ಒಂದು ವರ್ಷ ಕುದಿಸಿ ತಿಂದು ನೋಡಿದ್ದು

ಮೊದಲ ಸಲ ಎಡಮಾಮೆ ಅನ್ನುವ ಹಸಿರು ಕಾಯಿ ಕುದಿಸಿದ ದಿನ ನಮ್ಮ ಮನೆಯವರು ಅದನ್ನು ಸಿಪ್ಪೆ ಸಮೇತ ಬಾಯಿಗೆ ಹಾಕಿಕೊಂಡರು. ಅಗಿದರು. ಇನ್ನೂ ಅಗಿದರು. ಆಮೇಲೆ ಎದ್ದು ಹಿತ್ತಲಿಗೆ ಹೋಗಿ ಬಂದು, "ಹಗ್ಗ ತಿಂದಂಗ ಆತು" ಅಂದರು. ತಪ್ಪು ಅವರದಲ್ಲ. ಹೇಗೆ ತಿನ್ನಬೇಕು ಅಂತ ನಾನು ಹೇಳಿರಲಿಲ್ಲ. ನನಗೂ ಗೊತ್ತಿದ್ದದ್ದು ಮೊಬೈಲಿನಲ್ಲಿ ನೋಡಿದ್ದಷ್ಟೇ.

ಪ್ಯಾಕೆಟ್ ತಂದವನು ಪುಣೆಯಲ್ಲಿರುವ ನನ್ನ ಮೈದುನ. ಜಿಮ್ಮಿಗೆ ಹೋಗುತ್ತಾನೆ, ಬಾಯಿ ತೆಗೆದರೆ ಪ್ರೊಟೀನ್. ಥರ್ಮಾಕೋಲ್ ಡಬ್ಬಿಯಲ್ಲಿ ಐಸ್ ತುಂಬಿ, ಎರಡು ಪ್ಯಾಕೆಟ್ ಇಟ್ಟುಕೊಂಡು ರೈಲಿನಲ್ಲಿ ಅಕ್ಕಲಕೋಟ ರೋಡ್ ಸ್ಟೇಷನ್ನಿಗೆ ಬಂದಿಳಿದಿದ್ದ. 400 ಗ್ರಾಂ ಪ್ಯಾಕೆಟ್ಟಿಗೆ ಮುನ್ನೂರು ರೂಪಾಯಿಯ ಮೇಲೆ. ನಮ್ಮ ಅತ್ತೆ ಒಂದು ಕಾಯಿ ಕೈಯಲ್ಲಿ ಹಿಡಿದು, ತಿರುಗಿಸಿ ನೋಡಿ, "ಇದು ಸೋಯಾಬೀನ್ ಅಲ್ಲೇನೋ ತಮ್ಮಾ?" ಅಂದರು. ಹೌದು ಅಂದ. "ನಮ್ಮ ಹೊಲದಾಗ ಎರಡ ಎಕರೆ ನಿಂತದ. ಇದಕ್ಕ ರೊಕ್ಕ ಕೊಟ್ಟು ಪುಣೆಯಿಂದ ಹೊತ್ಕೊಂಡು ಬಂದಿ?"

ಅವನು ಉತ್ತರ ಕೊಡಲಿಲ್ಲ. ನನಗೆ ಮಾತ್ರ ಆ ಪ್ರಶ್ನೆ ತಲೆಯಲ್ಲಿ ಉಳಿಯಿತು.

ನಮ್ಮೂರು ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟ ತಾಲೂಕಿನದು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ. ನಾನು ಕಲಿಸುವುದು ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಯಲ್ಲಿ. ಹೊಲದಲ್ಲಿ ತೊಗರಿ, ಉದ್ದು, ಜೋಳ ಮೊದಲಿನಿಂದ ಇದ್ದದ್ದು. ಸೋಯಾಬೀನ್ ಆಮೇಲೆ ಬಂದದ್ದು. ಈಗ ಮುಂಗಾರಿಗೆ ಅದನ್ನು ಬಿತ್ತುತ್ತೇವೆ, ರಾಶಿ ಮಾಡುತ್ತೇವೆ, ಚೀಲ ತುಂಬಿ ಅಡತಿಗೆ ಹಾಕುತ್ತೇವೆ. ಅಲ್ಲಿಂದ ಎಣ್ಣೆ ಮಿಲ್ಲಿಗೆ. ಎಣ್ಣೆ ತೆಗೆದು ಉಳಿದ ಹಿಂಡಿ ಕೋಳಿಗೆ, ದನಕ್ಕೆ. 2025-26ಕ್ಕೆ ಸರ್ಕಾರದ ಬೆಂಬಲ ಬೆಲೆ ಕ್ವಿಂಟಲ್ಲಿಗೆ 5,328 ರೂಪಾಯಿ. ಅಂದರೆ ಒಣ ಕಾಳು ಕಿಲೋಗೆ ಐವತ್ಮೂರು ರೂಪಾಯಿ ಚಿಲ್ಲರೆ. ಅದೂ ಪೇಟೆಯಲ್ಲಿ ಸಿಕ್ಕರೆ. ಆದರೆ ನಮ್ಮ ಓಣಿಯಲ್ಲಿ ಅದನ್ನು ಬೇಯಿಸಿ ತಿಂದವರನ್ನು ನಾನು ನೋಡಿಲ್ಲ. ನಮಗೆ ಅದು ಕಾಳಲ್ಲ, ಮಾಲು.

ಸರಿ, ಹೋಲಿಸಿಯೇ ಬಿಡೋಣ ಅಂದುಕೊಂಡೆ. ಪ್ಯಾಕೆಟ್ಟಿನ ಎಡಮಾಮೆ ಒಂದು. ನಮ್ಮ ಹೊಲದ ಹಸಿ ಸೋಯಾ ಕಾಯಿ ಎರಡು. ಸಿಪ್ಪೆ ಸಮೇತ ಕುದಿಸಿ, ಕೂತು ಸುಲಿದು ತಿನ್ನುವುದು ನಮಗೇನು ಹೊಸದಲ್ಲವಲ್ಲ? ಅದಕ್ಕೇ ಹಸಿ ಶೇಂಗಾ ಮೂರು, ತೊಗರಿಕಾಯಿ ನಾಲ್ಕು. ಎಲ್ಲವನ್ನೂ ಅವುಗಳ ಸುಗ್ಗಿಯಲ್ಲೇ ಮಾಡಿದೆ. ಹಾಗಾಗಿ ಸೆಪ್ಟೆಂಬರಿನಿಂದ ಜನವರಿ ತನಕ ಎಳೆಯಿತು.

ಮೊದಲು ಒಂದು ಮಾತು. ಎಡಮಾಮೆ ಅನ್ನುವುದು ಬೇರೆ ಬೆಳೆ ಅಲ್ಲ. ಸೋಯಾಬೀನನ್ನು ಹಸಿರಿರುವಾಗಲೇ, ಕಾಳು ತುಂಬಿ ಇನ್ನೂ ಬಲಿಯದೆ ಇರುವಾಗ ಕೊಯ್ದರೆ ಅದೇ ಎಡಮಾಮೆ. ಜಪಾನಿ ಮಾತು. ಎಡ ಅಂದರೆ ಟೊಂಗೆ, ಮಾಮೆ ಅಂದರೆ ಕಾಳು. ಟೊಂಗೆ ಸಮೇತ ಕಟ್ಟಿ ಮಾರುತ್ತಿದ್ದರಂತೆ, ನಮ್ಮಲ್ಲಿ ಹಸಿ ಕಡಲೆಯನ್ನು ಗಿಡ ಸಮೇತ ಸೂಡು ಕಟ್ಟಿ ಮಾರುವ ಹಾಗೆ. ನಿಚಿರೆನ್ ಅನ್ನುವ ಬೌದ್ಧ ಭಿಕ್ಷು 1275ರಲ್ಲಿ, ಎಡಮಾಮೆ ಕಳಿಸಿದ ಭಕ್ತರೊಬ್ಬರಿಗೆ ಧನ್ಯವಾದ ಹೇಳಿ ಬರೆದ ಪತ್ರದಲ್ಲೇ ಈ ಹೆಸರು ಸಿಗುತ್ತದೆ. ಚೀನಾದಲ್ಲಿ ಇದನ್ನು ರೋಮದ ಕಾಳು ಅನ್ನುವ ಅರ್ಥದಲ್ಲಿ ಮಾವೊದೋ ಅನ್ನುತ್ತಾರೆ. ಆ ಹೆಸರು ಎಷ್ಟು ಸರಿ ಅಂತ ಹೊಲಕ್ಕೆ ಇಳಿದಾಗ ಗೊತ್ತಾಯಿತು.

ತಳಿ ಮಾತ್ರ ಬೇರೆ ಬೇರೆ ಇರುತ್ತದೆ. ಎಡಮಾಮೆಗೆಂದು ಬೆಳೆಯುವ ತಳಿಯಲ್ಲಿ ಒಣಗಿದ ನೂರು ಕಾಳು 30 ಗ್ರಾಂ ಅಥವಾ ಅದಕ್ಕಿಂತ ಜಾಸ್ತಿ ತೂಗುತ್ತದೆ. ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಹಳೇ ತಳಿ ಜೆಎಸ್ 335ರಲ್ಲಿ ನೂರು ಕಾಳಿಗೆ 10ರಿಂದ 13 ಗ್ರಾಂ. ಅದು ಎಣ್ಣೆಗೆ ಬೆಳೆಯುವ ತಳಿ. ತರಕಾರಿ ಹಾಗೆ ತಿನ್ನಲೆಂದೇ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು 'ಕರುಣೆ' ಅನ್ನುವ ಸೋಯಾ ತಳಿ ತಂದಿದ್ದಾರೆ. ಹೆಸರು ಚೆನ್ನಾಗಿದೆ. ನಮ್ಮ ಊರಿನ ಬೀಜದ ಅಂಗಡಿಯಲ್ಲಿ ಕೇಳಿದರೆ ನಕ್ಕರು.

ಪ್ಯಾಕೆಟ್ಟಿನದು

ಪ್ಯಾಕೆಟ್ಟಿನ ಹಿಂದೆ ಚೀನಾ ಅಂತ ಇತ್ತು. ಮೊದಲನೆಯದನ್ನು ನಾನು ಕೆಡಿಸಿದೆ. ಕಾಳು ಅಂದ ಕೂಡಲೇ ನನ್ನ ಕೈ ಕುಕ್ಕರಿಗೆ ಹೋಗುತ್ತದೆ. ಎರಡು ಸೀಟಿ. ಮುಚ್ಚಳ ತೆಗೆದರೆ ಹಸಿರೆಲ್ಲ ಹೋಗಿ ಪೊಲೀಸ್ ಬಟ್ಟೆಯ ಬಣ್ಣ. ಕಾಯಿ ಬಾಯಿ ಬಿಟ್ಟಿದ್ದವು, ಕಾಳು ಮುಟ್ಟಿದರೆ ಹಿಟ್ಟು. ನಮ್ಮ ಮನೆಯವರು ಹಗ್ಗ ಅಗಿದದ್ದು ಇದನ್ನೇ.

ಆಮೇಲೆ ತಿಳಿಯಿತು, ಪ್ಯಾಕೆಟ್ಟಿನ ಕಾಯಿಗೆ ಫ್ರೀಜ್ ಮಾಡುವ ಮೊದಲೇ ಒಮ್ಮೆ ಬಿಸಿನೀರು ಕಂಡಿರುತ್ತದೆ. ನಾವು ಮಾಡಬೇಕಾದದ್ದು ತೀರಾ ಕಡಿಮೆ. ಎರಡನೆಯದನ್ನು ಸರಿಯಾಗಿ ಮಾಡಿದೆ. ದೊಡ್ಡ ಪಾತ್ರೆಯಲ್ಲಿ ನೀರು ಕೊತಕೊತ ಕುದಿಯುವಾಗ ಉಪ್ಪು ಹಾಕಿ, ಕಾಯಿ ಸುರಿದು, ನೀರು ಮತ್ತೆ ಕುದಿ ಬಂದಮೇಲೆ ನಾಲ್ಕು ನಿಮಿಷ. ಸೋಸಿ ತಟ್ಟೆಯಲ್ಲಿ ಹರಡಿ ಬೀಸಣಿಗೆಯಿಂದ ಗಾಳಿ ಹಾಕಿದೆ. ತಣ್ಣೀರಿಗೆ ಹಾಕಿದರೆ ಕಾಯಿ ನೀರು ಕುಡಿದು ಸಪ್ಪಗಾಗುತ್ತದೆ. ಗಾಳಿ ಹಾಕಿದರೆ ಹಸಿರೂ ಉಳಿಯುತ್ತದೆ, ಉಪ್ಪೂ ಉಳಿಯುತ್ತದೆ.

ತಿನ್ನುವ ರೀತಿ ಹೀಗೆ. ಕಾಯಿಯ ಒಂದು ತುದಿ ಬೆರಳಲ್ಲಿ ಹಿಡಿದು, ಇನ್ನೊಂದು ತುದಿ ತುಟಿಗೆ ತಂದು, ಮೆಲ್ಲಗೆ ಒತ್ತಬೇಕು. ಕಾಳು ಪಟಕ್ಕನೆ ಬಾಯಿಗೆ ಬೀಳುತ್ತದೆ. ಜೊತೆಗೆ ಸಿಪ್ಪೆಯ ಮೇಲಿನ ಉಪ್ಪುನೀರು ಒಂದು ಹನಿ. ರುಚಿ ಇರುವುದು ಆ ಹನಿಯಲ್ಲೇ. ಸುಲಿದು ಬಟ್ಟಲಲ್ಲಿ ಹಾಕಿಕೊಟ್ಟರೆ ಅರ್ಧ ಮಜಾ ಹೋಗುತ್ತದೆ. ಕಾಳಿನ ರುಚಿ ಎಳೇ ಶೇಂಗಾಕ್ಕೂ ಬಟಾಣಿಗೂ ನಡುವೆ ಎಲ್ಲೋ ಇದೆ. ಬೆಣ್ಣೆಯ ಹಾಗೆ ಮೆತ್ತಗೆ, ಆದರೆ ಹಲ್ಲಿಗೆ ಸ್ವಲ್ಪ ತಡೆ. ಚೆನ್ನಾಗಿದೆ, ಸುಳ್ಳು ಹೇಳುವುದಿಲ್ಲ. ಸುಲಿದು ತೂಗಿದೆ. 400 ಗ್ರಾಂ ಕಾಯಿಗೆ ಕಾಳು 215 ಗ್ರಾಂ. ಉಳಿದದ್ದು ಎಮ್ಮೆಗೆ. ಮುನ್ನೂರು ರೂಪಾಯಿಗೆ ಎರಡು ಹಿಡಿ ಕಾಳು ಅಂತ ಲೆಕ್ಕ ಹಾಕಿದಮೇಲೆ ಅತ್ತೆಗೆ ಅದು ಗಂಟಲಲ್ಲಿ ಇಳಿಯಲಿಲ್ಲ.

ಹೊಲದ್ದು

ನಮ್ಮ ಹೊಲ ನೋಡಿಕೊಳ್ಳುವವರು ಕಾಕಾ, ಮಾವನ ತಮ್ಮ. ಹಸಿ ಸೋಯಾ ತಿನ್ನಬೇಕು, ನಾಲ್ಕು ಸಾಲು ಬಿಡಿ ಅಂದರೆ ನನ್ನ ಮುಖ ನೋಡಿದರು. "ಮಾಸ್ತರಬಾಯಿ, ಶಾಲಿಯೊಳಗ ಏನರ ಪ್ರಯೋಗ ಅದಯೇನು?" ಅಂದರು. ಬಿಡಿ ಅಂದದ್ದು ಸುಮ್ನೆ ಅಲ್ಲ. ಸೋಯಾಕ್ಕೆ ಹೂವಿನ ಹೊತ್ತಿಗೆ, ಕಾಯಿ ಹೊತ್ತಿಗೆ ಎಣ್ಣಿ, ಅಂದರೆ ಕೀಟನಾಶಕ, ಹೊಡೆಯುತ್ತಾರೆ. ಒಣ ಕಾಳಿಗಾದರೆ ರಾಶಿ ಮಾಡುವ ತನಕ ದಿನ ಸಿಗುತ್ತದೆ. ಹಸಿ ಕಾಯಿಗೆ ಆ ಅವಕಾಶ ಇಲ್ಲ. ಮೊನ್ನೆ ಎಣ್ಣಿ ಹೊಡೆದ ಹೊಲದ ಕಾಯಿ ಇವತ್ತು ಕುದಿಸಿ ಮಕ್ಕಳಿಗೆ ಕೊಡುವುದು ಹುಚ್ಚುತನ. ನೀವೂ ಮಾಡುವುದಾದರೆ ಮೊದಲು ಇದನ್ನೇ ಕೇಳಿಕೊಳ್ಳಿ. ಬಾವಿ ಕಡೆಯ ಬದುವಿಗೆ ಹತ್ತಿದ ಎಂಟು ಸಾಲು ಹೊಡೆಯದೆ ಬಿಟ್ಟರು. ಅದರಲ್ಲಿ ಹುಳ ತಿಂದದ್ದು ಒಂದು ಪಾಲು, ನಮಗೆ ಮಿಕ್ಕದ್ದು ಉಳಿದದ್ದು.

ಮಿರಗದ ಮಳೆ ಆಗಿ ಜೂನ್ ಕೊನೆಯ ಹೊತ್ತಿಗೆ ಬಿತ್ತಿದ್ದು. ಮೂರು ಸಲ ಕೊಯ್ದೆ. ಮೊದಲ ಸಲ ಅವಸರ ಮಾಡಿದೆ. ಕಾಯಿ ಉದ್ದ ಆಗಿತ್ತು, ಒಳಗೆ ಕಾಳು ಅಕ್ಕಿಯಷ್ಟು. ಕುದಿಸಿದರೆ ಬರೀ ಹುಲ್ಲಿನ ರುಚಿ. ಎರಡನೇ ಸಲ ಗಣಪತಿ ಕಳಿಸಿ ವಾರ ಆದಮೇಲೆ ಹೋದೆ. ಕಾಯಿ ಉಬ್ಬಿತ್ತು. ಬೆಳಕಿಗೆ ಹಿಡಿದರೆ ಒಳಗಿನ ಕಾಳು ಒಂದಕ್ಕೊಂದು ಮುಟ್ಟುವ ಹಾಗೆ ಕಾಣುತ್ತಿತ್ತು. ಸಿಪ್ಪೆ ಹಸಿರು, ಎಲೆ ಹಸಿರು. ಅದೇ ಸರಿಯಾದ ಹೊತ್ತು. ಮೂರನೇ ಸಲ ಶಾಲೆಯ ಕೆಲಸದಲ್ಲಿ ಎರಡು ವಾರ ತಡ ಆಯಿತು. ಎಲೆ ಅಲ್ಲಲ್ಲಿ ಹಳದಿ, ಕಾಯಿ ಒಂಥರಾ ಮಸುಕು. ಇಪ್ಪತ್ತು ನಿಮಿಷ ಕುದಿಸಿದರೂ ಕಾಳು ಗಟ್ಟಿ, ಸಿಹಿ ಹೋಗಿತ್ತು. ಅಂದರೆ ನಿಮಗೆ ಸಿಗುವುದು ವರ್ಷಕ್ಕೆ ಎಂಟು ಹತ್ತು ದಿನ. ಸೋಯಾ ಯಾರಿಗೂ ಕಾಯುವುದಿಲ್ಲ.

ಇನ್ನು ರೋಮ. ನಮ್ಮ ಹೊಲದ ತಳಿಯ ಕಾಯಿಗೆ ಕಂದು ರೋಮ ಒತ್ತಾಗಿ ಇತ್ತು. ಕೊಯ್ಯುವಾಗ ಮೊಣಕೈ ತನಕ ತುರಿಕೆ. ಬಾಯಿಗಿಟ್ಟರೆ ತುಟಿಗೆ ಗರಗರ. ಇದಕ್ಕೆ ಜಪಾನಿನವರು ಮಾಡುವ ಉಪಾಯ ಸರಳ. ತೊಳೆದ ಕಾಯಿಯನ್ನು ಬೋಗುಣಿಗೆ ಹಾಕಿ, ಹರಳುಪ್ಪು ಒಂದು ಹಿಡಿ ಸುರಿದು, ಬಟ್ಟೆ ಒಗೆಯುವ ಹಾಗೆ ಎರಡೂ ಕೈಯಿಂದ ಉಜ್ಜುವುದು. ಎರಡು ನಿಮಿಷದಲ್ಲಿ ಉಪ್ಪು ಕಂದಾಗುತ್ತದೆ, ಕಾಯಿ ನುಣುಪಾಗುತ್ತದೆ. ಅವರು ತೊಟ್ಟಿನ ಕಡೆ ತುದಿಯನ್ನು ಕತ್ತರಿಯಿಂದ ಚೂರು ಕತ್ತರಿಸುತ್ತಾರೆ, ಉಪ್ಪು ಒಳಗೆ ಇಳಿಯಲಿ ಅಂತ. ನಾನು ಒಂದು ಬೋಗುಣಿ ಕತ್ತರಿಸಿದೆ, ಒಂದು ಹಾಗೇ ಬಿಟ್ಟೆ. ಕತ್ತರಿಸಿದ್ದು ರುಚಿ ಜಾಸ್ತಿ, ನಿಜ. ಆದರೆ ಸಣ್ಣ ಕಾಯಿ ಮುನ್ನೂರು ಕತ್ತರಿಸುವಷ್ಟು ತಾಳ್ಮೆ ನನಗಿಲ್ಲ. ಅವರ ಅಳತೆ ಒಂದು ಲೀಟರ್ ನೀರಿಗೆ 40 ಗ್ರಾಂ ಉಪ್ಪು. ಉಜ್ಜಿದ ಉಪ್ಪೂ ಅದರಲ್ಲೇ ಲೆಕ್ಕ.

ಬೇಯಿಸುವುದರಲ್ಲಿ ಎರಡು ಪಾಠ ಕಲಿತೆ. ಒಂದು, ನೀರು ಕುದಿ ಬಂದಮೇಲೆಯೇ ಕಾಯಿ ಹಾಕಬೇಕು. ಅರ್ಧ ಪಾಲನ್ನು ತಣ್ಣೀರಲ್ಲಿಟ್ಟು ಒಲೆ ಹಚ್ಚಿ ನೋಡಿದೆ. ಸೋಯಾದ ಆ ಹಸಿ ವಾಸನೆ ಇದೆಯಲ್ಲ, ಅದು ಅದರಲ್ಲೇ ಎದ್ದು ಬಂತು. ಕಾಳಿನಲ್ಲಿರುವ ಲಿಪಾಕ್ಸಿಜಿನೇಸ್ ಅನ್ನುವ ಕಿಣ್ವ ಎಣ್ಣೆಯ ಅಂಶದ ಜೊತೆ ಸೇರಿ ಆ ವಾಸನೆ ಹುಟ್ಟಿಸುತ್ತದೆ. ಕುದಿಯುವ ನೀರಿಗೆ ಬಿದ್ದರೆ ಅದು ಬೇಗ ಸಾಯುತ್ತದೆ. ಮೆಲ್ಲಗೆ ಬಿಸಿಯಾದರೆ ಅದಕ್ಕೆ ಕೆಲಸ ಮಾಡಲು ಪುರುಸೊತ್ತು ಸಿಗುತ್ತದೆ. ಎರಡು, ಕೊಯ್ದ ದಿನವೇ ಕುದಿಸಬೇಕು. ಬೆಳಗ್ಗೆ ಕೊಯ್ದು ಒಂದು ತಾಸಿನಲ್ಲಿ ಕುದಿಸಿದ್ದಕ್ಕೂ, ಅಡುಗೆಮನೆಯ ಮೂಲೆಯಲ್ಲಿ ರಾತ್ರಿ ಇಟ್ಟು ಕುದಿಸಿದ್ದಕ್ಕೂ ಅತ್ತೆ ಕಣ್ಣು ಮುಚ್ಚಿಕೊಂಡು ವ್ಯತ್ಯಾಸ ಹೇಳಿದರು. ಕೊಯ್ದಮೇಲೆ ಕಾಳಿನ ಸಕ್ಕರೆ ಬೇಗ ಇಳಿಯುತ್ತದೆ. ಎಳೇ ಗೋವಿನಜೋಳದ ತೆನೆಯ ಹಾಗೇ.

ಸರಿಯಾದ ಹೊತ್ತಿನ ಕಾಯಿಗೆ ನನ್ನ ಒಲೆಯಲ್ಲಿ ಏಳು ನಿಮಿಷ ಬೇಕಾಯಿತು. ರುಚಿ? ಬೆಳಗ್ಗೆ ಕೊಯ್ದು ಕುದಿಸಿದ್ದು ಪ್ಯಾಕೆಟ್ಟಿನದಕ್ಕಿಂತ ಸಿಹಿ. ಇದನ್ನು ಮೈದುನನೂ ಒಪ್ಪಿದ. ಸೋತದ್ದು ಗಾತ್ರದಲ್ಲಿ. ಪ್ಯಾಕೆಟ್ಟಿನ ಕಾಳು ಹೆಬ್ಬೆರಳಿನ ಉಗುರಿನಷ್ಟು, ನಮ್ಮದು ಅದರ ಅರ್ಧ. ಬಟ್ಟಲು ತುಂಬ ಕಾಳು ಬೇಕೆಂದರೆ ಕೂತು ಸುಲಿಯುತ್ತಲೇ ಇರಬೇಕು. ಸಂಜೆ ಕಟ್ಟೆಯ ಮೇಲೆ ಕೂತು ಹರಟೆ ಹೊಡೆಯುತ್ತ ತಿನ್ನುವವರಿಗೆ ಇದೇನು ದೋಷ ಅಲ್ಲ ಬಿಡಿ.

ಒಂದು ಎಡವಟ್ಟೂ ಆಯಿತು. ಕೊಯ್ಯುವಾಗ ನನ್ನ ಮಗ ಹಸಿ ಬಟಾಣಿ ತಿನ್ನುವ ಹಾಗೆ ಹಸಿ ಸೋಯಾ ಸುಲಿದು ಒಂದು ಹಿಡಿ ತಿಂದ. ರಾತ್ರಿ ಹೊಟ್ಟೆ ಹಿಡಿದುಕೊಂಡು ಒದ್ದಾಡಿದ, ಒಮ್ಮೆ ವಾಂತಿಯೂ ಆಯಿತು. ಹಸಿ ಸೋಯಾದಲ್ಲಿ ಪ್ರೊಟೀನ್ ಅರಗದಂತೆ ತಡೆಯುವ ಟ್ರಿಪ್ಸಿನ್ ಇನ್ಹಿಬಿಟರ್ ಅನ್ನುವ ಅಂಶ ಇದೆ. ಚೆನ್ನಾಗಿ ಬೇಯಿಸಿದರೆ ಅದರ ಬಹುಪಾಲು ಹೋಗುತ್ತದೆ. ಬಟಾಣಿ, ಕಡಲೆ ಹಸಿಯಾಗಿಯೇ ತಿನ್ನಬಹುದು, ಸೋಯಾ ಬೇಡ. ಮಕ್ಕಳನ್ನು ಹೊಲಕ್ಕೆ ಕರೆದುಕೊಂಡು ಹೋಗುವವರು ಇದನ್ನು ಮೊದಲೇ ಹೇಳಿಬಿಡಿ, ನನ್ನ ಹಾಗೆ ಆಮೇಲೆ ಅಲ್ಲ.

ಶೇಂಗಾ, ತೊಗರಿಕಾಯಿ

ಸೊಲ್ಲಾಪುರ ಅಂದರೆ ಶೇಂಗಾ ಚಟ್ನಿ. ಹಾಗಾಗಿ ಹಸಿ ಶೇಂಗಾ ಕುದಿಸಿ ತಿನ್ನುವುದನ್ನು ನಾನು ಹೊಸದಾಗಿ ಹೇಳಬೇಕಿಲ್ಲ. ಮಣ್ಣು ತೊಳೆದು, ಉಪ್ಪುನೀರಲ್ಲಿ ಕುಕ್ಕರಿಗೆ ನಾಲ್ಕು ಸೀಟಿ. ಇಲ್ಲಿ ಕುಕ್ಕರ್ ನಡೆಯುತ್ತದೆ. ಆರುವ ತನಕ ಆ ನೀರಲ್ಲೇ ಬಿಟ್ಟರೆ ಉಪ್ಪು ಒಳಗೆ ಹೋಗುತ್ತದೆ. ನಾಲ್ಕರಲ್ಲಿ ರುಚಿಗೆ ನಾನು ಮೊದಲ ನಂಬರ್ ಕೊಡುವುದು ಇದಕ್ಕೇ. ನಮ್ಮ ಮನೆಯವರ ಮತವೂ ಇದೇ. ಆದರೆ ಅವರು ಹಗ್ಗದ ಸಿಟ್ಟಿನಲ್ಲಿ ಇದ್ದವರು, ಅವರ ಮತ ಅಷ್ಟು ಲೆಕ್ಕಕ್ಕಿಲ್ಲ.

ತೊಗರಿಕಾಯಿ ಡಿಸೆಂಬರ್, ಜನವರಿಯ ಮಾತು. ನಮ್ಮ ತಾಲೂಕಿನ ದುಧನಿ ಪೇಟೆ ನಡೆಯುವುದೇ ತೊಗರಿಯ ಮೇಲೆ. ಬೆಳಗಿನ ಚಳಿಯಲ್ಲಿ ಹೊಲದಲ್ಲೇ ಮೂರು ಕಲ್ಲು ಇಟ್ಟು, ಡಬರಿಯಲ್ಲಿ ಕುದಿಸಿ ತಿನ್ನುವ ತೊಗರಿಕಾಯಿಯ ಘಮ ಸೋಯಾಕ್ಕೆ ಜನ್ಮದಲ್ಲಿ ಬರುವುದಿಲ್ಲ. ಹುಳ ಮಾತ್ರ ಜಾಸ್ತಿ. ಮೂರು ಕಾಯಿಗೆ ಒಂದರಲ್ಲಿ ಕೀಡೆ. ಹಾಗಾಗಿ ಇದನ್ನು ಕಣ್ಣು ಮುಚ್ಚಿ ಬಾಯಿಗೆ ಒತ್ತಿಕೊಳ್ಳುವಂತಿಲ್ಲ. ಬಿಡಿಸಿ ನೋಡಿ ತಿನ್ನಬೇಕು. ಜಪಾನಿ ಶೈಲಿ ಇಲ್ಲಿ ಕೈಕೊಡುತ್ತದೆ.

ರುಚಿ ಬಿಟ್ಟು ಸತ್ವಕ್ಕೆ ಬಂದರೆ ಲೆಕ್ಕ ತಲೆಕೆಳಗಾಗುತ್ತದೆ. ಬೇಯಿಸಿದ ಕಾಳು 100 ಗ್ರಾಂ ಅಂತ ಇಟ್ಟುಕೊಳ್ಳಿ. ತೊಗರಿಯ ಹಸಿ ಕಾಳಿನಲ್ಲಿ ಪ್ರೊಟೀನ್ ಸುಮಾರು 6 ಗ್ರಾಂ, ಉಳಿದದ್ದು ಹೆಚ್ಚಾಗಿ ಪಿಷ್ಟ, 111 ಕ್ಯಾಲರಿ. ಎಡಮಾಮೆಯಲ್ಲಿ ಸುಮಾರು 12 ಗ್ರಾಂ ಪ್ರೊಟೀನ್, 5 ಗ್ರಾಂ ನಾರು, 5 ಗ್ರಾಂ ಕೊಬ್ಬು, 121 ಕ್ಯಾಲರಿ. ಅಂದರೆ ಪ್ರೊಟೀನಿನಲ್ಲಿ ಎರಡು ಕೋಳಿಮೊಟ್ಟೆಗೆ ಸಮ. ಮೊಟ್ಟೆ ಮುಟ್ಟದ ನಮ್ಮಂಥ ಮನೆಗೆ ಇದು ಸಣ್ಣ ಮಾತಲ್ಲ. ಹೊಲದ ಹಸಿ ಸೋಯಾವೂ ಅಷ್ಟೇ ಪ್ರೊಟೀನಿನದು, ಕ್ಯಾಲರಿ ಚೂರು ಹೆಚ್ಚು. ಕುದಿಸಿದ ಶೇಂಗಾದಲ್ಲಿ ಪ್ರೊಟೀನ್ 13 ಗ್ರಾಂ ದಾಟುತ್ತದೆ. ಆದರೆ ಜೊತೆಗೆ 22 ಗ್ರಾಂ ಕೊಬ್ಬು, 318 ಕ್ಯಾಲರಿ. ಕಟ್ಟೆಯ ಮೇಲೆ ಕೂತವರು 100 ಗ್ರಾಂಗೆ ನಿಲ್ಲಿಸುತ್ತಾರಾ? ನಾನಂತೂ ಇಲ್ಲ. ಇನ್ನೊಂದು, ದೇಹಕ್ಕೆ ಆಹಾರದಿಂದಲೇ ಸಿಗಬೇಕಾದ ಒಂಬತ್ತು ಅಮೈನೋ ಆಮ್ಲಗಳೂ ಸೋಯಾದಲ್ಲಿ ಸಾಕಷ್ಟು ಪ್ರಮಾಣದಲ್ಲಿ ಇವೆ. ಗರ್ಭಿಣಿಯರಿಗೆ ಬೇಕಾದ ಫೋಲೇಟ್ ಅನ್ನುವ ಬಿ ವಿಟಮಿನ್ ಎಡಮಾಮೆಯಲ್ಲಿ 100 ಗ್ರಾಂಗೆ 300 ಮೈಕ್ರೋಗ್ರಾಂ ದಾಟುತ್ತದೆ.

ಒಣ ಸೋಯಾ ಕಾಳನ್ನೂ ಒಮ್ಮೆ ರಾತ್ರಿ ನೆನೆಸಿ, ಕುದಿಸಿ, ಪಲ್ಯ ಮಾಡಿದೆ. ಮನೆಯಲ್ಲಿ ಯಾರೂ ಎರಡನೇ ಸಲ ಕೇಳಲಿಲ್ಲ. ಆ ರಾತ್ರಿ ಹೊಟ್ಟೆಯ ಗುಡುಗುಡು ಬೇರೆ. ಅಂಗಡಿಯ ಮೀಲ್ ಮೇಕರ್ ಇದೇ ಸೋಯಾದ ಎಣ್ಣೆ ತೆಗೆದ ಹಿಟ್ಟಿನಿಂದ ಮಾಡಿದ್ದು. ಒಣಗಿದ್ದು 100 ಗ್ರಾಂಗೆ 50 ಗ್ರಾಂ ದಾಟಿ ಪ್ರೊಟೀನ್. ಅಗ್ಗವೂ ಹೌದು. ಆದರೆ ಅದು ಕಾಯಿ ಸುಲಿದು ತಿನ್ನುವ ಆಟ ಅಲ್ಲ, ಹಾಗಾಗಿ ಈ ಸ್ಪರ್ಧೆಗೆ ಸೇರಿಸಲಿಲ್ಲ.

ಸೋಯಾ ಅಂದರೆ ಹೆದರಿಕೆ

ಈ ಸುದ್ದಿ ಓಣಿಯಲ್ಲಿ ಹಬ್ಬಿದ ಕೂಡಲೇ ಒಬ್ಬೊಬ್ಬರದು ಒಂದೊಂದು ಹೆದರಿಕೆ. ಮೊದಲನೆಯವನು ಪ್ಯಾಕೆಟ್ ತಂದವನೇ. "ವೈನಿ, ಜಾಸ್ತಿ ತಿಂದರ ಗಂಡಸರಿಗೆ ಹೆಂಗಸರ ಹಾರ್ಮೋನ್ ಬರತದಂತ" ಅಂದ. ಆ ಮಾತಿನ ಬೇರು ಇಲ್ಲಿದೆ. ಸೋಯಾದಲ್ಲಿ ಐಸೋಫ್ಲೇವೋನ್ ಅನ್ನುವ ಅಂಶ ಇದೆ. ಅದರ ಆಕಾರ ಹೆಂಗಸರ ಹಾರ್ಮೋನ್ ಆದ ಈಸ್ಟ್ರೋಜನ್ನಿಗೆ ಸ್ವಲ್ಪ ಹೋಲುತ್ತದೆ. ಆದರೆ ಹೋಲುವುದು ಬೇರೆ, ಅದೇ ಆಗುವುದು ಬೇರೆ. ಅದರ ಬಲ ತೀರಾ ಕಡಿಮೆ. ಗಂಡಸರ ಮೇಲೆ ನಡೆದ ಹತ್ತಾರು ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದ ಪರಿಶೀಲನೆಗಳು 2010ರಲ್ಲೂ 2021ರಲ್ಲೂ ಬಂದಿವೆ. ಗಂಡಸರ ಹಾರ್ಮೋನ್ ಟೆಸ್ಟೋಸ್ಟೆರಾನ್ ಇಳಿಯುವುದು ಕಂಡಿಲ್ಲ. ಹಾಗಂತ ಸುದ್ದಿ ಪೂರಾ ಗಾಳಿಯಿಂದ ಬಂದದ್ದೂ ಅಲ್ಲ. 2008ರಲ್ಲಿ ವೈದ್ಯರು ಒಂದು ಪ್ರಕರಣ ಬರೆದಿದ್ದಾರೆ. 60 ವರ್ಷದ ಒಬ್ಬರಿಗೆ ಎದೆ ಊದಿಕೊಂಡಿತ್ತು. ವಿಚಾರಿಸಿದರೆ ಅವರು ದಿನಕ್ಕೆ ಸುಮಾರು 3 ಲೀಟರ್ ಸೋಯಾ ಹಾಲು ಕುಡಿಯುತ್ತಿದ್ದರು. ಬಿಟ್ಟಮೇಲೆ ಸರಿಹೋಯಿತು. ಮೈದುನನಿಗೆ ಹೇಳಿದೆ, ನೀನು ತಂದದ್ದು ಎರಡು ಪ್ಯಾಕೆಟ್ ಮಾರಾಯ, ಆರು ಜನ ತಿಂದಿದ್ದೇವೆ.

ಹೆಂಗಸರ ಹೆದರಿಕೆ ಸ್ತನ ಕ್ಯಾನ್ಸರಿನದು. ಪಕ್ಕದ ಮನೆಯ ಮಾವಶಿಗೆ ಅದಕ್ಕೆ ಆಪರೇಷನ್ ಆಗಿದೆ. ನಾನು ತಟ್ಟೆ ಹಿಡಿದುಕೊಂಡು ಹೋದರೆ ಕೈ ಹಿಂದೆ ತೆಗೆದರು. ಚೀನಾದ ಶಾಂಘೈಯಲ್ಲಿ ಈ ಕಾಯಿಲೆಯಿಂದ ಉಳಿದ ಸಾವಿರಾರು ಹೆಂಗಸರನ್ನು ವರ್ಷಗಟ್ಟಲೆ ನೋಡಿ 2009ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಸೋಯಾ ಆಹಾರ ಹೆಚ್ಚು ತಿಂದವರಲ್ಲಿ ಕಾಯಿಲೆ ಮರಳಿದ್ದು, ಸಾವು, ಎರಡೂ ಕಡಿಮೆ ಇತ್ತು. ಅಮೆರಿಕದ ಕ್ಯಾನ್ಸರ್ ಸೊಸೈಟಿಯೂ ಸೋಯಾ ಆಹಾರಕ್ಕೆ ಹೆದರಬೇಕಿಲ್ಲ ಅನ್ನುತ್ತದೆ. ಆದರೆ ಇದು ಕಾಳು, ತೋಫು ಅನ್ನುವ ಸೋಯಾ ಪನೀರು, ಸೋಯಾ ಹಾಲಿನಂಥ ಆಹಾರದ ಮಾತು. ಐಸೋಫ್ಲೇವೋನ್ ತೆಗೆದು ಮಾತ್ರೆ ಮಾಡಿ ಮಾರುತ್ತಾರಲ್ಲ, ಅದರ ಮಾತಲ್ಲ. ಅಂಥ ಮಾತ್ರೆ ಡಾಕ್ಟರನ್ನು ಕೇಳದೆ ಬೇಡ. ಮಾವಶಿಗೂ ಡಾಕ್ಟರನ್ನು ಕೇಳಿ ಅಂದೆ. ಮುಂದಿನ ತಪಾಸಣೆಗೆ ಹೋದಾಗ ಕೇಳಿ ಬಂದರು. ತಿನ್ನಬಹುದು ಅಂದರಂತೆ. ತಿಂದು, "ಶೇಂಗಾನೇ ಛಲೋ" ಅಂದರು.

ನಿಜವಾಗಿ ಎಚ್ಚರ ಬೇಕಾದದ್ದು ನಮ್ಮ ಅತ್ತೆಗೆ. ಅವರಿಗೆ ಥೈರಾಯ್ಡ್ ಇದೆ, ಬೆಳಗ್ಗೆ ಆರಕ್ಕೆ ಖಾಲಿ ಹೊಟ್ಟೆಯಲ್ಲಿ ಥೈರಾಕ್ಸಿನ್ ಮಾತ್ರೆ. ಈ ಮಾತ್ರೆಯನ್ನು ದೇಹ ಪೂರ್ತಿ ಹೀರಿಕೊಳ್ಳದಂತೆ ಸೋಯಾ ಅಡ್ಡ ಬರುತ್ತದೆ. ಮಾತ್ರೆ ಬಿಡಬೇಕಿಲ್ಲ, ಸೋಯಾ ಬಿಡಬೇಕೆಂದೂ ಇಲ್ಲ. ನಡುವೆ ನಾಲ್ಕು ತಾಸಾದರೂ ಇರಲಿ. ಅದಕ್ಕೆ ನಮ್ಮ ಮನೆಯಲ್ಲಿ ಸೋಯಾ ಸಂಜೆಯ ತಿಂಡಿ, ಬೆಳಗಿನದಲ್ಲ. ದಿನಾ ತಿನ್ನಲು ಶುರು ಮಾಡುವುದಾದರೆ ಟಿಎಸ್‌ಎಚ್ ಅನ್ನುವ ಥೈರಾಯ್ಡ್ ರಕ್ತ ಪರೀಕ್ಷೆ ಮತ್ತೊಮ್ಮೆ ಮಾಡಿಸಿಕೊಳ್ಳುವುದು ಒಳ್ಳೆಯದು. ಥೈರಾಯ್ಡ್ ಸರಿ ಇದ್ದು, ಅಯೋಡಿನ್ ಉಪ್ಪು ತಿನ್ನುವವರಿಗೆ ಇದರ ಚಿಂತೆ ಬೇಡ.

ಮಾವನವರದು ಬಿಪಿ. ಅವರಿಗೆ ಸೋಯಾ ಅಡ್ಡಿಯಲ್ಲ, ಉಪ್ಪು ಅಡ್ಡಿ. ದಿನಕ್ಕೆ ಒಟ್ಟು 5 ಗ್ರಾಂ ಉಪ್ಪು ದಾಟಬೇಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಜಪಾನಿ ಅಳತೆಯ ನೀರಲ್ಲಿ ಕುದಿಸಿ, ಸಿಪ್ಪೆ ಚೀಪುತ್ತ ತಿಂದರೆ ಸಂಜೆಗೇ ಅದರ ದೊಡ್ಡ ಪಾಲು ಮುಗಿದು ಹೋಗುತ್ತದೆ. ಅವರ ಪಾಲನ್ನು ಸಪ್ಪೆ ನೀರಲ್ಲಿ ಕುದಿಸಿ, ಮೇಲೆ ಲಿಂಬೆ ಹಿಂಡಿ, ಚಿಟಿಕೆ ಖಾರಪುಡಿ ಉದುರಿಸಿದೆ. ಇದು ನನ್ನದೇ ಉಪಾಯ, ಉಪ್ಪಿನದಕ್ಕಿಂತ ಚೆನ್ನಾಗಿದೆ ಅಂತ ಹೇಳುವ ಧೈರ್ಯ ಇಲ್ಲ. ರಕ್ತ ತೆಳ್ಳಗಾಗಲು ವಾರ್ಫರಿನ್ ತೆಗೆದುಕೊಳ್ಳುವವರೂ ಒಮ್ಮೆ ಡಾಕ್ಟರಿಗೆ ಹೇಳಿ. ಎಡಮಾಮೆಯಲ್ಲಿ ವಿಟಮಿನ್ ಕೆ ಇದೆ, ಅದು ಈ ಮಾತ್ರೆಗೆ ಎದುರು ಕೆಲಸ ಮಾಡುತ್ತದೆ. ಒಂದು ದಿನ ಬುಟ್ಟಿಗಟ್ಟಲೆ, ಮರುದಿನ ಸೊನ್ನೆ ಅಂತ ಮಾಡಬಾರದು. ಇನ್ನು ಸೋಯಾ ಅಲರ್ಜಿ ಇರುವವರಿಗೆ ಪ್ಯಾಕೆಟ್ಟೂ ಒಂದೇ, ಹೊಲವೂ ಒಂದೇ. ತುಟಿ ಊದಿದರೆ, ಮೈಮೇಲೆ ದದ್ದು ಎದ್ದರೆ ಅಲ್ಲಿಗೇ ನಿಲ್ಲಿಸಿ, ಉಸಿರಿಗೆ ತೊಂದರೆ ಆದರೆ ದವಾಖಾನೆಗೆ ಓಡಿ.

ಹೃದಯಕ್ಕೆ ಒಳ್ಳೆಯದು ಅಂತ ಮೈದುನ ಹೇಳಿದ್ದರಲ್ಲಿ ಅರ್ಧ ಸತ್ಯ ಇದೆ. ದಿನಕ್ಕೆ 25 ಗ್ರಾಂ ಸೋಯಾ ಪ್ರೊಟೀನ್ ಹೃದಯಕ್ಕೆ ಒಳ್ಳೆಯದು ಅಂತ ಡಬ್ಬಿಯ ಮೇಲೆ ಬರೆಯಲು ಅಮೆರಿಕದ ಆಹಾರ, ಔಷಧ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಎಫ್‌ಡಿಎ 1999ರಲ್ಲಿ ಒಪ್ಪಿತ್ತು. 2017ರಲ್ಲಿ ಅದೇ ಸಂಸ್ಥೆ, ಪುರಾವೆ ಅಷ್ಟು ಗಟ್ಟಿ ಇಲ್ಲ, ಆ ಒಪ್ಪಿಗೆ ವಾಪಸ್ ತೆಗೆದುಕೊಳ್ಳೋಣ ಅಂದಿತು. ಕೆಟ್ಟ ಕೊಲೆಸ್ಟರಾಲ್ ಇಳಿಯುವುದು ಶೇಕಡಾ 3-4ರಷ್ಟು. ಇಳಿಯುತ್ತದೆ, ಆದರೆ ಪವಾಡ ಅಲ್ಲ. ಕರಿದ ಭಜಿ ಬಿಟ್ಟು ಅದರ ಜಾಗದಲ್ಲಿ ಇದನ್ನು ತಿಂದರೆ ಸಿಗುವ ಲಾಭವೇ ದೊಡ್ಡದು ಅಂತ ನನ್ನ ಲೆಕ್ಕ.

ಹಾಗಾದರೆ ಯಾವುದು? ಪ್ಯಾಕೆಟ್ ನಾನು ದುಡ್ಡು ಕೊಟ್ಟು ತರಿಸುವುದಿಲ್ಲ. ಪುಣೆ, ಬೆಂಗಳೂರಿನಲ್ಲಿ ಇರುವವರು, ಹೊಲ ಇಲ್ಲದವರು, ಪ್ರೊಟೀನ್ ಬೇಕು ಕೆಲಸ ಕಡಿಮೆ ಇರಲಿ ಅನ್ನುವವರು ತಂದುಕೊಳ್ಳಲಿ. ನಾಲ್ಕು ನಿಮಿಷದ ಮಾತು. ನಮ್ಮ ಮನೆಗೆ ಗಣಪತಿ ಮುಗಿದ ಆ ಹತ್ತು ದಿನ ಹೊಲದ ಸೋಯಾ, ಶೇಂಗಾ ಕಿತ್ತಾಗ ಶೇಂಗಾ, ಚಳಿಗೆ ತೊಗರಿ. ಹೊಲದ್ದನ್ನು ಕೂಡಿಡಲೂ ನೋಡಿದೆ. ಎರಡು ನಿಮಿಷ ಕುದಿನೀರಲ್ಲಿ ಅದ್ದಿ, ನೀರಾರಿಸಿ, ಬಟ್ಟೆಯ ಮೇಲೆ ಒಣಗಿಸಿ, ಚೀಲ ಕಟ್ಟಿ ಫ್ರಿಜ್ಜಿನ ಮೇಲಿನ ಖಾನೆಗೆ ಹಾಕಿದೆ. ಒಂದು ತಿಂಗಳು ಚೆನ್ನಾಗಿತ್ತು. ಆಮೇಲೆ ಒಂದು ಮಳೆಗೆ ಎರಡು ದಿನ ಕರೆಂಟ್ ಹೋಯಿತು. ಕರಗಿ ಹುಳಿ ವಾಸನೆ ಬಂದದ್ದನ್ನು ಎಮ್ಮೆಯೂ ಮೂಸಿ ಬಿಟ್ಟಿತು.

ಈ ವರ್ಷ ಕಾಕಾ ಕೇಳದೆಯೇ ಹನ್ನೆರಡು ಸಾಲು ಬಿಟ್ಟಿದ್ದಾರೆ. ಮೈದುನನ ಥರ್ಮಾಕೋಲ್ ಡಬ್ಬಿ ಇನ್ನೂ ಅಟ್ಟದ ಮೇಲೆ ಇದೆ. ಮೊನ್ನೆ ಫೋನಿನಲ್ಲಿ, "ವೈನಿ, ಆ ಡಬ್ಬಿಯೊಳಗ ಐಸ್ ಹಾಕಿ ಒಂದ್ ಐದ್ ಕಿಲೋ ಕಾಯಿ ಕಳಸ್ತಿಯೇನು?" ಅಂದ. ಅತ್ತೆ ಪಕ್ಕದಲ್ಲೇ ಕೂತಿದ್ದರು. ಫೋನ್ ಕಸಿದುಕೊಂಡು, "ಕಿಲೋಕ್ಕ ಎಷ್ಟ ಕೊಡ್ತೀಯೋ?" ಅಂತ ಕೇಳಿದರು.